ಹಿಮಚಿರತೆಯ ದನಿ

ಮಗಳು ಮೂರನೇ ತರಗತಿಯಲ್ಲಿದ್ದಾಗ, ಹಿಮಚಿರತೆಯ ಬಗ್ಗೆ ಕ್ಲಾಸಿನ ಮುಂದೆ ಮಾತಾಡುವ ಸರದಿ ಅವಳಿಗೆ ಬಂತು. ಅಪ್ಪ ಅಮ್ಮಂದಿರೂ ಬರಬಹುದು ಅಂದಿದ್ದರು. ನಾನು ಜರ್ಮನಿಯ ಸಿಂಡೆಲ್‌ಫಿಂಗೆನ್‌ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಹಿಂದಿನ ಸಾಲಿನ ಪುಟ್ಟ ಕುರ್ಚಿಯೊಂದರಲ್ಲಿ ಮೊಣಕಾಲು ಮಡಚಿ ಕೂತೆ.

ಆಫೀಸಿನ ಕೆಲಸವೆಲ್ಲ ಇಂಗ್ಲಿಷಿನಲ್ಲೇ. ನನ್ನ ಜರ್ಮನ್ ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟಕ್ಕೇ ಮುಗಿಯುತ್ತಿತ್ತು. ಮನೆಯಲ್ಲಿ ಮಗಳು ಜರ್ಮನ್‌ನಲ್ಲಿ ಏನಾದರೂ ಹೇಳಿದರೆ "ಹೌದೌದು" ಅನ್ನುತ್ತಿದ್ದೆ. ಅಪ್ಪನಿಗೆ ಎಲ್ಲ ತಿಳಿಯುತ್ತದೆ ಎಂದೇ ಅವಳು ನಂಬಿದ್ದಳು.

ಅವಳು ಚಿತ್ರ ತೋರಿಸುತ್ತ ಲೀಲಾಜಾಲವಾಗಿ ಮಾತಾಡಿದಳು. ನಾನು ತಲೆಯಾಡಿಸುತ್ತಲೇ ಇದ್ದೆ. ಮುಗಿದ ಮೇಲೆ ಟೀಚರ್ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಇದು ನಿಮ್ಮ ದೇಶದಲ್ಲೂ ಇರುವ ಪ್ರಾಣಿ. ಇದರ ಕೂಗು ಹೇಗಿರುತ್ತದೆ ಅಂತ ಮಕ್ಕಳು ಕೇಳುತ್ತಿದ್ದಾರೆ," ಅಂದರು.

ವಿಜಯಪುರದ ಬಿಸಿಲಲ್ಲಿ ಬೆಳೆದವನು ನಾನು. ಹಿಮವನ್ನು ಮೊದಲ ಸಲ ನೋಡಿದ್ದೇ ಇಲ್ಲಿ. ಆದರೂ ಹುಮ್ಮಸ್ಸಿನಲ್ಲಿ ಎದ್ದುನಿಂತು ಹುಲಿಯ ಹಾಗೆ ಗರ್ಜಿಸಿಬಿಟ್ಟೆ.

ಕ್ಲಾಸೆಲ್ಲ ಗೊಳ್ಳೆಂದಿತು. ಟೀಚರೂ ನಗು ತಡೆದುಕೊಂಡು, "ಅದಕ್ಕೆ ಗರ್ಜಿಸಲು ಬರುವುದಿಲ್ಲ. ಈಗ ತಾನೇ ನಿಮ್ಮ ಮಗಳು ಹೇಳಿದಳಲ್ಲ?" ಅಂದರು.

ಮಗಳೊಬ್ಬಳೇ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಹೋಗುವ ಸ್ಟಾಟ್‌ಬಾನ್ ರೈಲು ಗುಡ್ಡ ಹತ್ತುವಾಗ ಕನ್ನಡದಲ್ಲೇ ಕೇಳಿದಳು: "ಅಪ್ಪಾ, ನಾ ಹೇಳಿದ್ದು ನಿಮಗ ತಿಳೀಲಿಲ್ಲೇನು?"

"ಸ್ವಲ್ಪ ತಿಳೀತವ್ವಾ."

"ಎಷ್ಟು?"

"…ಏನೂ ಇಲ್ಲ."

"ಮತ್ತ ತಲಿ ಯಾಕ ಆಡಿಸಿದ್ರಿ?"

ಸುತ್ತಲಿದ್ದ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾದವು. ಕಿಟಕಿಯಾಚೆ ನೋಡುತ್ತ ಕೂತೆ.

ಅವಳು ಮೊದಲಿಂದ ಎಲ್ಲವನ್ನೂ ಕನ್ನಡದಲ್ಲಿ ಹೇಳತೊಡಗಿದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೂ ಜರ್ಮನ್‌ನಲ್ಲೇ ಉತ್ತರಿಸುತ್ತಿದ್ದ ಹುಡುಗಿ, ಒಂದೊಂದೇ ಶಬ್ದ ಹುಡುಕುತ್ತಿದ್ದಳು. "ಅದರ ಮೂಗು ಒಳಗ ಅಗಲ ಅದ. ಥಂಡಿ ಗಾಳಿ ಒಳಗ ಹೋಗೂದರಾಗ ಬಿಸಿ ಆಗ್ತದ. ಕಿವಿ ಸಣ್ಣವು, ಅದಕ್ಕ ಮೈ ಬಿಸಿ ಹೊರಗ ಹೋಗೂದಿಲ್ಲ. ತಿಳೀತೇನು?"

"ತಿಳೀತು."

ಪಂಜಕ್ಕೆ ಶಬ್ದ ಸಿಗದೆ ಅಂಗೈ ಅಗಲಿಸಿ ತೋರಿಸಿದಳು: ಕೆಳಗೂ ಕೂದಲು, ಹಿಮದಲ್ಲಿ ಕಾಲು ಹೂತುಹೋಗುವುದಿಲ್ಲ. ಬಂಡೆಯಿಂದ ಬಂಡೆಗೆ ಹಾರುವಾಗ ಉದ್ದನೆಯ ಬಾಲವೇ ಅದನ್ನು ಬೀಳದ ಹಾಗೆ ಕಾಯುತ್ತದೆ. "ಮಲಗಿದಾಗ ಅದನ್ನ ಮಾರಿ ಮ್ಯಾಲ ಹೊದ್ಕೋತದ." ಬೆಟ್ಟದ ಕುರಿಯನ್ನು ಬೇಟೆಯಾಡಿದರೆ ದಿನಗಟ್ಟಲೆ ಅದರ ಹತ್ತಿರವೇ ಇದ್ದು ತಿನ್ನುತ್ತದೆ, ಮತ್ತೆ ಯಾವಾಗ ಸಿಗುತ್ತದೋ ಗೊತ್ತಿಲ್ಲವಲ್ಲ. ಗೆಳೆತನ ತೋರಿಸಲು ಮೂಗಿನಿಂದ ಮೆಲ್ಲಗೆ ಗಾಳಿ ಬಿಡುತ್ತದಂತೆ. ಅದನ್ನು ಮಾಡಿ ತೋರಿಸಿ, ನನ್ನಿಂದಲೂ ಮಾಡಿಸಿದಳು.

ಪ್ರತಿ ಮಾತಿಗೂ "ತಿಳೀತೇನು?" ಅನ್ನುತ್ತಿದ್ದಳು. ಲೆಕ್ಕ ಹೇಳಿಕೊಡುವಾಗ ನಾನು ಅವಳಿಗೆ ಅನ್ನುತ್ತಿದ್ದ ಧಾಟಿಯಲ್ಲೇ. ನನಗೆ ತಲೆ ಎತ್ತಲಾಗಲಿಲ್ಲ.

ಮುಂದಿನ ತಿಂಗಳು ಸಂಜೆಯ ಜರ್ಮನ್ ಕ್ಲಾಸಿಗೆ ಸೇರಿದೆ. ನಿಧಾನವಾಗಿ ಕಲಿಯುತ್ತಿದ್ದೇನೆ. ಮಗಳಂತೂ ಅಂದಿನಿಂದ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಾಳೆ. ಊಟಕ್ಕೆ ಬಂದ ಕನ್ನಡದ ಗೆಳೆಯರು, "ಇಲ್ಲೇ ಬೆಳೆದಾಕಿಗೂ ಎಷ್ಟು ಚಂದ ಕನ್ನಡ ಕಲಿಸೀರಿ!" ಎಂದು ನನ್ನನ್ನು ಹೊಗಳುತ್ತಾರೆ. ಅವಳು ನನ್ನನ್ನೇ ನೋಡುತ್ತಾಳೆ. ನಾನು ಇನ್ನಷ್ಟು ಸಾರು ಬಡಿಸುತ್ತೇನೆ.