ಹೊಸ್ತಿಲ ಮೇಲೆ ಮಂಡಿಯೂರಿ

ಹೊಸದುರ್ಗದ ಸಮುದಾಯ ಭವನದಲ್ಲಿ ನನ್ನ ಮೊದಲ ತರಗತಿ. "ರೇ" ಎಂದೆ. ಓಕಿನಾವಾ ಕರಾಟೆಯಲ್ಲಿ ಹಾಗೆಂದರೆ ನಿಂತಲ್ಲೇ ಸೊಂಟ ಬಗ್ಗಿಸಿ ವಂದಿಸುವುದು. ನಾನು ಬಗ್ಗಿ ತೋರಿಸಿ ತಲೆಯೆತ್ತುವಷ್ಟರಲ್ಲಿ ಹನ್ನೊಂದು ಮಕ್ಕಳು ನನ್ನ ಕಾಲಿಗೆ ಬಿದ್ದಿದ್ದರು! ಗೋಡೆಗೊರಗಿ ಕೂತಿದ್ದ ಅಜ್ಜಿಯೊಬ್ಬರು, "ಆಶೀರ್ವಾದ ಮಾಡ್ರಿ ಮೇಡಂ, ಸುಮ್ಕೆ ನಿಂತೀರಲ್ಲ" ಎಂದು ನನ್ನನ್ನೇ ಗದರಿದರು.

ನಾನು ಮುಂಬೈ ಚಾಳಿನಲ್ಲಿ ಬೆಳೆದ ಕನ್ನಡತಿ. ಗಂಡನಿಗೆ ಇಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತೆಂದು ಬಂದವಳು. ಅಲ್ಲಿ ಬಾಡಿಗೆ ಮನೆಗೆ ಆಧಾರ್ ಕಾರ್ಡು ಕೇಳುತ್ತಾರೆ, ಇಲ್ಲಿ ಮಾಲೀಕರು "ಮುದ್ದೆ ಉಣ್ತೀರೇನ್ರಿ?" ಎಂದು ಕೇಳಿ ಬೀಗದಕೈ ಕೊಟ್ಟರು. ಮುದ್ದೆಯನ್ನು ಅಗಿದು ನಗೆಪಾಟಲಾದೆ. ನನ್ನ "ಇದೆ" ಕೇಳಿ ಮಕ್ಕಳು ಕಿಸಕ್ಕೆಂದರು. ಆರು ತಿಂಗಳ ಮೇಲೆ "ಐತೆ" ತಾನಾಗಿ ಬಾಯಿಗೆ ಬಂದ ದಿನ ಒಳಗೊಳಗೇ ಬೀಗಿದೆ.

ಸಹಿಸಲಾಗದ್ದು ಒಂದೇ, ಇಲ್ಲಿನ ಹೊತ್ತು. ಲೋಕಲ್ ರೈಲಿನ ಊರಿನವಳಿಗೆ ಎರಡು ನಿಮಿಷವೆಂದರೆ ಎರಡೇ ನಿಮಿಷ. ಇಲ್ಲಿ ಆರು ಗಂಟೆಯೆಂದರೆ ಬಸ್ಸು ಬಂದಾಗ. ಮುಂಬೈಯ ನನ್ನ ಗುರುಗಳ ಪದ್ಧತಿಯಂತೆ ನನ್ನ ಕರಾಟೆ ಶಾಲೆಯಲ್ಲೂ ತಡವಾಗಿ ಬಂದವರು ಕರೆಯುವವರೆಗೆ ಬಾಗಿಲಲ್ಲಿ ಮಂಡಿಯೂರಿ ಕೂರಬೇಕು. ದಿನವೂ ಕೂರುತ್ತಿದ್ದ ಐವರಲ್ಲಿ ಒಬ್ಬಳು ಭಾಗ್ಯ, ಶ್ರೀರಾಂಪುರದ ಕಡೆಯ ಕುರಿ ಸಾಕುವವರ ಮಗಳು, ನನ್ನ ಶಿಷ್ಯರಲ್ಲೆಲ್ಲ ಚುರುಕಾದವಳು.

ಒಂದು ಸಂಜೆ ಅವಳ ತಾಯಿ ಕರಿಬಸಮ್ಮ ಬಂದವರೇ ಮಗಳ ರಟ್ಟೆ ಹಿಡಿದು ಎಬ್ಬಿಸಿದರು. "ದೀಪ ಹಚ್ಚೋ ಹೊತ್ನಾಗೆ ಹೆಣ್ ಹುಡ್ಗೀನ ಹೊಸ್ತಿಲ ಮ್ಯಾಲೆ ಕುಂದ್ರಿಸ್ತೀರಲ್ರೀ! ಲಕ್ಷ್ಮಿ ಒಳಗ್ ಬರೋ ಹೊತ್ತು. ನಿಮ್ ಕರಾಟೇನೂ ಬ್ಯಾಡ, ಏನೂ ಬ್ಯಾಡ."

ನನಗೇನು ಗೊತ್ತು? ಅದೇ ಹೊತ್ತಿಗೆ ನಮ್ಮ ಚಾಳಿನ ಹೆಂಗಸರೆಲ್ಲ ಹೊಸ್ತಿಲ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಭಾಗ್ಯಳ ಜೊತೆ ಬಸ್ಸಿಗೆ ಬರುತ್ತಿದ್ದ ನಾಲ್ವರೂ ತರಗತಿ ಬಿಟ್ಟರು. ಉಳಿದವರು ಆರೇ ಜನ. ಇನ್ನಿಬ್ಬರು ಹೋದರೆ ಶಾಲೆಗೆ ಬೀಗ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು.

ನಾಲ್ಕಕ್ಕೆ ಬರುತ್ತೇನೆಂದು ಹೇಳಿ ಕಳಿಸಿ ಭಾನುವಾರ ಅವರ ಮನೆಗೆ ಹೊರಟೆ. ಬಸ್ಸು ಹೊತ್ತಿಗೆ ಬರಲೇ ಇಲ್ಲ. ಮುಟ್ಟಿದಾಗ ಕರಿಬಸಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ತಡವಾದ ನಾಚಿಕೆಗೆ, ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ನನ್ನ ಮಂಡಿ ಹೊಸ್ತಿಲ ಮೇಲೇ ಮಡಚಿಕೊಳ್ಳತೊಡಗಿತು.

"ಅಯ್ಯೋ, ಏಳ್ರಿ ಮೇಡಂ! ಒಳಗ್ ಬರ್ರಿ, ಕುಂತ್ಕಳ್ರಿ. ನಾಕಕ್ಕೆ ಅಂದಿದ್ರಲ್ಲ?"

"ಬಸ್ಸು ತಡ ಆಯ್ತು."

"ಹಂಗಾರೆ ನನ್ ಮಗಳೇನು ಹಾರ್ಕಂಡ್ ಬರ್ಬೇಕಿತ್ತೇನ್ರಿ?"

ಒಳಗಿನಿಂದ ಭಾಗ್ಯ ನಕ್ಕಿದ್ದು ಕೇಳಿಸಿತು. ನಾನೂ ನಕ್ಕೆ. ನಿಯಮ ಬಿಡಲಿಲ್ಲ, ಮಂಡಿಯೂರುವುದು ಇನ್ನು ಮೇಲೆ ಹೊಸ್ತಿಲು ದಾಟಿ, ಒಳಗೆ ಎಂದು ಒಪ್ಪಿದೆ. ಸೋಮವಾರ ಐವರೂ ಬಂದರು, ಎಂದಿನಂತೆ ತಡವಾಗಿ.

ಕಳೆದ ತಿಂಗಳು ಮುಂಬೈಗೆ ಹೋದಾಗ ನನ್ನ ಗುರುಗಳ ತರಗತಿಗೆ ನಾನೇ ತಡವಾಗಿ ಹೋದೆ. ದೀಪ ಹಚ್ಚುವ ಹೊತ್ತು. ಹೊಸ್ತಿಲು ದಾಟಿ ಒಳಗೆ ಮಂಡಿಯೂರಿದೆ. ಗುರುಗಳು ಹುಬ್ಬೇರಿಸಿದರು.

"ನಮ್ಮ ಕಡೆ ಈ ಹೊತ್ತಲ್ಲಿ ಹೊಸ್ತಿಲ ಮೇಲೆ ಕೂರೋದಿಲ್ಲ" ಎಂದೆ.

"ನಿಮ್ಮ ಕಡೆ ಅಂದರೆ ಯಾವ ಕಡೆ? ಅದನ್ನು ಹೇಳು, ಕರೆಯುತ್ತೇನೆ" ಎಂದು ಅವರು ಪಾಠಕ್ಕೆ ತಿರುಗಿದರು.

ತರಗತಿ ಮುಗಿಯುವವರೆಗೂ ನಾನು ಅಲ್ಲೇ ಕೂತಿದ್ದೆ.