ಮುಂಗಡ ಕೊಟ್ಟು ತಂದ ನಮೂನೆ

ನನ್ನ ದಿನಚರಿಯಲ್ಲಿ ಆ ದಿನಕ್ಕೆ ಮೂರೇ ಸಾಲು: “ಹಾವೇರಿಗೆ ಹೋದೆವು. ಲಾಡ್ಜಿನಲ್ಲಿ ಆರು ಕೋಣೆ ಗೊತ್ತುಮಾಡಿ ಮುಂಗಡ ಕೊಟ್ಟಾಯಿತು. ಬರುವಾಗ ಮೋಟೆಬೆನ್ನೂರಿನಲ್ಲಿ ಮಿರ್ಚಿ, ಮಂಡಕ್ಕಿ.” ಎಷ್ಟು ಮಿರ್ಚಿ ತಿಂದೆನೆಂಬುದನ್ನೂ ಅಂಚಿನಲ್ಲಿ ಬರೆದಿದ್ದೇನೆ: ನಾಲ್ಕು. ಕೀಲಿಕೈಯ ಸುದ್ದಿ ಮಾತ್ರ ಇಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ದಾಖಲೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ನಡೆದೇ ಇಲ್ಲ ಎನ್ನಬಾರದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ. ದಾಖಲೆ ಬರೆದವಳು ನಾನೇ ಆದಾಗ ಈ ಪಾಠ ಅಷ್ಟು ರುಚಿಸುವುದಿಲ್ಲ.

ತಂಗಿಯ ಮದುವೆ ರಾಣೆಬೆನ್ನೂರಿನಲ್ಲಿ ನಿಶ್ಚಯವಾಗಿತ್ತು. ಒಳ್ಳೆಯ ಮುಹೂರ್ತ, ಹಾಗಾಗಿ ಅಲ್ಲಿನ ಲಾಡ್ಜುಗಳೆಲ್ಲ ಮೊದಲೇ ಭರ್ತಿ. ಬೀಗರನ್ನು ಹಾವೇರಿಯಲ್ಲಿ ಇಳಿಸಿ, ಬೆಳಿಗ್ಗೆ ಹೆದ್ದಾರಿ ಹಿಡಿದು ಕರೆತರುವುದೆಂದಾಯಿತು. ಓದಿದವಳೆಂಬ ಕಾರಣಕ್ಕೆ ಮನೆಯವರು ನನಗೆ ವಹಿಸಿದ ಒಂದೇ ಒಂದು ಕೆಲಸ ಕೋಣೆಗಳದ್ದು. ಅದಕ್ಕೂ ಒಂದು ಷರತ್ತಿತ್ತು. ವರನ ಸೋದರತ್ತೆಗೆ ಎರಡೂ ಮೊಣಕಾಲು ನೋವು. ಬಾಗಲಕೋಟೆಯಿಂದ ನನಗೇ ಫೋನ್ ಮಾಡಿ ಹೇಳಿದ್ದರು: “ನೋಡವಾ, ಮೆಟ್ಟಲಾ ಹತ್ತಾಕ ಆಗಂಗಿಲ್ಲ, ಕುಕ್ಕರಗಾಲಿಲೆ ಕುಂದ್ರಾಕೂ ಆಗಂಗಿಲ್ಲ. ಕೆಳಗಿನ ರೂಮು, ಕುರ್ಚಿಯಂಥಾ ಕಮೋಡು ಇದ್ರ ಬರ್ತೇನಿ. ಇಲ್ಲಂದ್ರ ಇಲ್ಲೇ ಕುಂತು ಮೊಬೈಲಿಗೆ ಅಕ್ಕಿಕಾಳು ಹಾಕ್ತೇನಿ.” ವರನನ್ನು ಸಾಕಿ ಬೆಳೆಸಿದವರು ಅವರು. ಅತ್ತೆ ಇಲ್ಲದೆ ತಾಳಿ ಕಟ್ಟುವುದಿಲ್ಲ ಎಂದು ಅವನು ತಂಗಿಗೆ ಹೇಳಿಬಿಟ್ಟಿದ್ದ. ನಾನು ಮಾತು ಕೊಟ್ಟೆ.

ಕೋಣೆ ಗೊತ್ತುಮಾಡಲು ನನ್ನ ಜೊತೆ ಬಂದವನು ಸೋದರಮಾವ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲ. ಆ ಲಾಡ್ಜಿನಲ್ಲಿ ಅತ್ತೆಗೆ ಒಪ್ಪುವಂಥ ಕೋಣೆ ಕೆಳಗೆ ಒಂದೇ ಇತ್ತು. ಮ್ಯಾನೇಜರ್ ಅದನ್ನು ತೆರೆದು ತೋರಿಸಿ, ಮತ್ತೆ ಬೀಗ ಹಾಕಿ, ಕೀಲಿಕೈ ಮೇಜಿನ ಮೇಲಿಟ್ಟು ಅರ್ಧ ಬಾಡಿಗೆ ಮುಂಗಡ ಕೇಳಿದರು. ನಾನು ಫೋನ್ ತೆಗೆದು ಸ್ಕ್ಯಾನ್ ಮಾಡಲು ಹೊರಟರೆ ಮಾಮ ಪರದೆಯ ಮೇಲೆ ಅಂಗೈ ಇಟ್ಟ.

“ಫೋನಿನ್ಯಾಗ ಹಾರಿಹೋದ ರೊಕ್ಕಕ್ಕ ಯಾರು ಜವಾಬು? ತಡಿ.” ನೋಟು ಎಣಿಸಿ ಕೊಟ್ಟ. ರಸೀದಿಯನ್ನು ಎರಡೂ ಕಡೆ ತಿರುಗಿಸಿ ನೋಡಿದ. “ಇದು ಕಾಗದ ಆತು. ಮಾಲಿಂದು ಗುರ್ತು ಎಲ್ಲೈತಿ?”

“ರೂಮಿಗೆ ಎಂಥಾ ಗುರ್ತು ಸಾವ್ಕಾರ್ರ? ಗ್ವಾಡಿ ಕೆತ್ತಿ ಕೊಡ್ಲೇನು?” ಎಂದರು ಮ್ಯಾನೇಜರ್.

ಮಾಮನ ಪೇಟೆಯ ಪದ್ಧತಿಯೇ ಬೇರೆ. ರಾಶಿಗೆ ಮುಂಗಡ ಕೊಟ್ಟವನು ಅದರಿಂದ ಒಂದು ಹಿಡಿ ಕಾಯಿ ಪೊಟ್ಟಣ ಕಟ್ಟಿ ಒಯ್ಯುತ್ತಾನೆ. ಅದೇ ನಮೂನೆ. ಚೀಲ ಬಂದ ದಿನ ಪೊಟ್ಟಣ ಬಿಚ್ಚಿ, ಕೊಂಡದ್ದೂ ಬಂದದ್ದೂ ಒಂದೇ ಮಾಲೇ ಎಂದು ಹೋಲಿಸಿ ನೋಡುತ್ತಾನೆ. ನಮೂನೆ ಇಲ್ಲದೆ ಕೊಟ್ಟ ಮುಂಗಡ ಮಾಮನ ಲೆಕ್ಕದಲ್ಲಿ ದಾನ.

ಇಲ್ಲಿಯವರೆಗೆ ನನ್ನ ನೆನಪು ಸ್ಪಷ್ಟ. ಆಮೇಲೆ ಮ್ಯಾನೇಜರಿಗೆ ಫೋನ್ ಬಂತು. ಉರ್ದುವಿನಲ್ಲಿ ಮಾತಾಡುತ್ತ ಅವರು ಆ ಕಡೆ ತಿರುಗಿದರು. ಅದರ ನಂತರ ನನಗೆ ನೆನಪಿರುವುದು ಮಿರ್ಚಿ.

ಹನ್ನೆರಡು ದಿನ ಕಳೆದು, ಮದುವೆಯ ಮುನ್ನಾದಿನ ಮಧ್ಯಾಹ್ನ, ನಾನು ಕಾಯುತ್ತಿದ್ದ ಲಾಡ್ಜಿಗೆ ಬೀಗರ ಮಿನಿಬಸ್ ಬಂತು. ಅತ್ತೆಯನ್ನು ಇಬ್ಬರು ಹಿಡಿದು ಇಳಿಸಿ ಒಳಗೆ ಕುರ್ಚಿಯಲ್ಲಿ ಕೂಡಿಸಿದರು. ಮ್ಯಾನೇಜರ್ ಮೇಜಿನ ಮೇಲೆ ಐದೇ ಕೀಲಿಕೈ ಇಟ್ಟರು.

“ಕೆಳಗಿನ ರೂಮಿಂದು?”

“ಅದ ಕಾಣವಲ್ದ್ರಿ ಮೇಡಂ. ಡೂಪ್ಲಿಕೇಟ್ ಹೋದ ವರ್ಷನ ಕಳದೈತಿ. ಸಾಗವಾನಿ ಬಾಗಲಾ, ಒಡೀಬ್ಯಾಡ ಅಂದಾರ ಮಾಲಕರು. ಸಂಜೀಕ ಕೀಲಿ ರಿಪೇರಿಯಾವ ಬರ್ತಾನ್ರಿ.”

“ಮೊದ್ಲ ಯಾಕ ಹೇಳ್ಲಿಲ್ಲ?”

“ಸಾವ್ಕಾರ್ರಿಗೆ ಫೋನ್ ಹಚ್ಚಿದ್ನಿರಿ. ‘ಮಾಲು ನಮ್ಮದು, ಚಿಂತಿ ಬ್ಯಾಡ’ ಅಂದ್ರು, ಇಟ್ಟಬಿಟ್ರು.”

ಆಗ ನಾನು ಆಡಿದ ಮಾತು ಮರೆತಿದ್ದರೆ ಚೆನ್ನಾಗಿತ್ತು. ಮರೆತಿಲ್ಲ. “ಹೆಚ್ಚಿನ ಬಾಡಗಿ ಆಸೆಕ್ಕ ಬ್ಯಾರೇದವ್ರಿಗೆ ಕೊಟ್ಟೀರಿ. ಕೀಲಿಕೈ ಕಳದೈತಿ ಅನ್ನೂದು ಬರೇ ನೆವ. ಕೋರ್ಟು ಇದ ಊರಾಗ ಐತಿ, ನೆನಪಿರ್ಲಿ!” ಬೀಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಮ್ಯಾನೇಜರ್ ಮುಖ ಕೆಂಪಾಯಿತು.

ಅತ್ತೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಅಂದರು: “ತಂಗೀ, ಕೋರ್ಟಿಗೆ ಆಮ್ಯಾಲ ಹೋಗೂಣಂತ. ನಾ ಲಕ್ಷ್ಮೇಶ್ವರದಿಂದ ತಡಕೊಂಡು ಬಂದೇನಿ.”

ಮಾಮನಿಗೆ ಫೋನ್ ಹಚ್ಚಿದೆ. “ಮಾಮಾ, ಕೆಳಗಿನ ರೂಮಿನ ಕೀಲಿಕೈ ಕಳದೈತಂತ!”

“ಯಾವಾಂವ ಅಂದಾಂವ? ನನ್ನ ಅಂಗಡ್ಯಾಗ ಐತಿ. ಡಬ್ಬಿ ಮೆಣಸಿನಕಾಯಿ ಪೊಟ್ಟಣ ಅದಾವಲ್ಲ, ಅದರ ಬಾಜೂಕ. ನಮೂನಿ ನಾ ಎಂದರ ಕಳದೇನೇನು?”

“ತಂದೇನಿ ಅಂತ ಹೇಳ್ಬೇಕಿಲ್ಲೇನು?”

“ನಿನ್ನ ಮುಂದನ ಕಿಸೇದಾಗ ಹಾಕ್ಕೊಂಡೆ. ನೀ ನೋಡಿ ನಕ್ಕಿ.”

ನಾನು ಅಲ್ಲಿಂದ ಎರಡು ಹೆಜ್ಜೆ ದೂರ ಸರಿದು, ದನಿ ತಗ್ಗಿಸಿ, ಲಗೂ ಬಾ ಎಂದೆ. ಮಾಮ ಮೋಟರ್‌ಸೈಕಲ್ ಮೇಲೆ ಬರಲು ಅರ್ಧ ತಾಸು ಹಿಡಿಯಿತು. ಆ ಅರ್ಧ ತಾಸು ಅತ್ತೆ ನೀರು ಮುಟ್ಟಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ, ನಗಿಸಬೇಡಿರೆಂದು ಮೊದಲೇ ಕೈಸನ್ನೆ ಮಾಡಿದ್ದರು.

ಮಾಮ ಬಂದವನೇ ಪೊಟ್ಟಣ ಬಿಚ್ಚಿದ. ಹನ್ನೆರಡು ದಿನ ಮೆಣಸಿನಕಾಯಿಯ ಸಹವಾಸದಲ್ಲಿದ್ದು ಕೀಲಿಕೈಯ ಕಟ್ಟಿಗೆಯ ಬಿಲ್ಲೆ ಕೆಂಪಗಾಗಿತ್ತು. ಮ್ಯಾನೇಜರ್ ಎರಡು ಬೆರಳಲ್ಲಿ ಹಿಡಿಯಲು ಹೋದರೆ, “ಅಂಜಬ್ಯಾಡ್ರಿ, ನಮ್ಮ ಕಾಯಿ ಬರೇ ಬಣ್ಣ, ಖಾರ ಇಲ್ಲ” ಎಂದು ಧೈರ್ಯ ಹೇಳಿದ. ಬಾಗಿಲು ತೆರೆದ ಮೇಲೂ ತಾನೇ ಮೊದಲು ಇಣುಕಿ, ಮಂಚ, ಕಿಟಕಿ, ಕಮೋಡು ಎಲ್ಲ ನೋಡಿ, “ಹೂಂ, ತೋರಿಸಿದ್ದ ಮಾಲ ಐತಿ” ಎಂದು ಒಪ್ಪಿಗೆ ಕೊಟ್ಟ. ಅತ್ತೆ ಅವನನ್ನು ಕೈಯಿಂದ ಸರಿಸಿ ಒಳಗೆ ಹೋದರು. ನಾವೆಲ್ಲ ಹೊರಗೆ ನಿಂತೆವು. ಕೊನೆಗೆ ಫ್ಲಶ್ಶಿನ ಸದ್ದು ಕೇಳಿತು.

ಹೊರಬಂದವರ ಮುಖವೇ ಬೇರೆಯಾಗಿತ್ತು. “ಹನ್ನೆರಡು ದಿನದಿಂದ ಇದರಾಗ ಯಾರೂ ಇಳಿದಿಲ್ಲೇನ್ರಿ?”

“ಒಬ್ರೂ ಇಲ್ರಿ,” ಎಂದರು ಮ್ಯಾನೇಜರ್, ಹಲ್ಲು ಕಚ್ಚಿ.

“ಅಂದ್ರ ಇವ್ರು ನನ್ನ ಸಲುವಾಗೇ ಕೀಲಿ ಹಾಕ್ಸಿ, ಕೀಲಿಕೈ ತಮ್ಮ ಹತ್ರ ಇಟ್ಕೊಂಡಿದ್ರು?”

“ಮತ್ತ ಹೆಂಗ್ರಿ ಅಕ್ಕಾರ?” ಎಂದ ಮಾಮ, ಕಣ್ಣು ಕೂಡ ಮಿಟುಕಿಸದೆ.

ಮರುದಿನ ರಾಣೆಬೆನ್ನೂರಿನ ಮಂಟಪದಲ್ಲಿ ಅತ್ತೆ ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತು ಅಕ್ಕಿಕಾಳು ಹಾಕಿದರು. ಬಂದವರಿಗೆಲ್ಲ ಇದನ್ನೇ ಹೇಳಿದರು: ಯಾರೂ ಕೂತಿರದ ಕಮೋಡು, ಹನ್ನೆರಡು ದಿನ ಕಾದಿಟ್ಟ ಮಂದಿ. ತಂಗಿ ನನ್ನ ಕಿವಿಯಲ್ಲಿ, “ಅವತ್ತು ಸಂಜೀಕನ ಫೋನಿನ್ಯಾಗ ಹೇಳಿದ್ದಿಯಲ್ಲ, ಮಾಮ ಕೀಲಿಕೈ ಎಗರಿಸ್ಕೊಂಡು ಬಂದಾನ ಅಂತ,” ಎಂದಳು. ಖರೇ ಹೇಳಿದ್ದೆನೋ, ಮದುಮಗಳು ಮಾಮನ ಕಡೆ ಸೇರಿ ನನ್ನನ್ನು ಆಡಿಸುತ್ತಿದ್ದಳೋ ತಿಳಿಯದು. ಮನೆಗೆ ಬಂದು ಆ ಪುಟಕ್ಕೆ ನಾಲ್ಕನೆಯ ಸಾಲು ಸೇರಿಸಿದ್ದೇನೆ: “ಬಹುಶಃ ನೋಡಿದೆ. ಬಹುಶಃ ನಕ್ಕೆ.” ಶಾಯಿ ಬೇರೆ, ಮುಂದೆ ಓದುವವರಿಗೆ ತಿದ್ದುಪಡಿ ಎಂದು ಗೊತ್ತಾಗಲಿ.

ಆದರೆ ಮ್ಯಾನೇಜರಿಗೆ ಆಡಿದ ಮಾತಿಗೆ “ಬಹುಶಃ” ಸಾಲದು. ಕೋಣೆ ಬಿಡುವ ದಿನ ಮಾಮನನ್ನೂ ಎಳೆದುಕೊಂಡು ಹೋಗಿ, ತಪ್ಪಾಯಿತು ಎಂದೆ. ಖಾಲಿ ಬಿದ್ದಿದ್ದ ದಿನಗಳ ಬಾಡಿಗೆಯನ್ನೂ ಮುಂದಿಟ್ಟೆ. ಅವರು ನಗಲಿಲ್ಲ. ಹಣವನ್ನು ತೆಗೆದಿಟ್ಟು, ಕೆಂಪು ಬಿಲ್ಲೆಯ ಕೀಲಿಕೈಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಆಮೇಲೆ ಹೇಳಿದರು: “ಇನ್ನೊಂದ ಸಲ ಬಂದ್ರ ಅಡ್ವಾನ್ಸ್ ಜೋಡಿ ಸಾವ್ಕಾರ್ರದೊಂದು ಚಪ್ಲಿ ಇಟ್ಟು ಹೋಗ್ರಿ ಮೇಡಂ. ನಮಗೂ ನಮೂನಿ ಬೇಕಲ್ರಿ.”

ಮಾಮ ತನ್ನ ಕಾಲುಗಳನ್ನು ನೋಡಿಕೊಂಡ. ವ್ಯವಹಾರ ಅವನಿಗೆ ನ್ಯಾಯವಾಗಿಯೇ ಕಂಡಂತಿತ್ತು.

“ಎಡಗಾಲಿಂದೋ,” ಕೇಳಿದ, “ಬಲಗಾಲಿಂದೋ?”