ತಮ್ಮನ ಲಾರಿಗೆ ನಾನು ಹಾಕಿದ ದೀಪ

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಶುರುಮಾಡಿ ಎಷ್ಟೋ ವರ್ಷಗಳಾಗಿದ್ದರೂ ನಾನು ಒಂದು ವಾಹನದ ಕೆಳಗೆ ಮಲಗಿ ವೈರ್ ಜೋಡಿಸಿದ್ದು ಅದೇ ಮೊದಲು. ಭಾನುವಾರ ಬೆಳಿಗ್ಗೆ. ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಓಣಿಯೊಳಗೆ ಲಾರಿ ಬರುವುದಿಲ್ಲ, ಹಾಗಾಗಿ ತಮ್ಮ ಅದನ್ನು ಮೂಲೆಯ ಖಾಲಿ ಜಾಗದ ಮುಂದೆ ನಿಲ್ಲಿಸಿದ್ದ. ನಾನು ಹಳೆಯ ಚೂಡಿದಾರ ಹಾಕಿಕೊಂಡು, ಗೋಣಿಚೀಲ ಹಾಸಿ, ಬಂಪರಿನ ಕೆಳಗೆ ಮಲಗಿದ್ದೆ. ಹಾಲು ತರಲು ಹೊರಟಿದ್ದ ಎದುರುಮನೆಯ ಅಜ್ಜಿ ನಿಂತು ಬಗ್ಗಿ ನೋಡಿದರು.

"ಬಾಯಾರ, ಏನರ ಕಳಕೊಂಡ್ರೇನು?"

"ಇಲ್ಲರೀ, ಲೈಟ್ ಹಾಕಾಕತ್ತೇನಿ."

ಅವರು ನನ್ನ ತಮ್ಮನ ಮುಖ ನೋಡಿದರು. ಅವನು ಹೆಮ್ಮೆಯಿಂದ ಹೇಳಿದ: "ನಮ್ಮಕ್ಕಗ ಕರೆಂಟಿನ ವಿಷಯದಾಗ ಗೊತ್ತಿಲ್ಲದ್ದು ಏನೂ ಇಲ್ರಿ."

ಆ ಮಾತು ಆಗ ನನಗೆ ಹಿತವಾಗಿಯೇ ಇತ್ತು.

ತಮ್ಮ ಖಾನಾಪುರದಿಂದ ಹೆಂಚು, ಇಟ್ಟಿಗೆ ಹೇರಿಕೊಂಡು ಲೋಂಡಾ ಕಡೆಯ ಊರುಗಳಿಗೆ ಹೋಗುತ್ತಾನೆ. ಮಳೆಗಾಲದಲ್ಲಿ ಆ ಕಾಡಿನ ದಾರಿಗೆ ಎಂಥ ಮಂಜು ಕವಿಯುತ್ತದೆಂದರೆ ಹಾಡಹಗಲಲ್ಲೇ ಮುಂದಿನ ತಿರುವು ಕಾಣುವುದಿಲ್ಲ. ಹಿಂದಿನ ವಾರ ಹಾಗೇ ಆಗಿತ್ತು. ಬೆಳಗಿನ ಏಳೂವರೆಗೆ ಅವನ ಲಾರಿಯ ಮುಂದೆ ಮೂರು ಎಮ್ಮೆಗಳು, ಅವುಗಳ ಹಿಂದೆ ಮಳೆಗೆ ಕಂಬಳಿಯ ಕೊಪ್ಪೆ ಹೊದ್ದ ಒಬ್ಬ ಹೆಂಗಸು ಒಮ್ಮೆಲೇ ಎದುರಾಗಿದ್ದರು. ಬ್ರೇಕು ಹಿಡಿಯಿತು, ಲಾರಿ ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಇದನ್ನು ಹೇಳುವಾಗ ಅವನು ರೊಟ್ಟಿ ಮುರಿದವನು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದ.

"ಆಕಿ ನನಗ ಬೈಯಲೂ ಇಲ್ಲ ಅಕ್ಕಾ. ಸುಮ್ನ ನಿಂತು ನನ್ನ ನೋಡಿದ್ಲು. ಹೆಡ್‌ಲೈಟ್ ಹಚ್ಚಿದ್ರ ಮಂಜಿನ್ಯಾಗ ಎಲ್ಲಾ ಬೆಳ್ಳಗ ಆಗಿಬಿಡ್ತೈತಿ. ಹಳದಿ ಲೈಟ್ ಎರಡು ಹಾಕಿಸ್ಬೇಕು."

"ಹಾಕಸೂದ್ಯಾಕ? ನಾನ ಹಾಕತೇನಿ," ಎಂದೆ.

ಪೇಟೆಯ ಅಂಗಡಿಯಲ್ಲಿ ನನಗೆ ಒಂದು ಜೋಡಿ ದೀಪ ಬಹಳ ಹಿಡಿಸಿತು. ಚಪ್ಪಟೆಯಾಗಿ, ಬೆಳಕನ್ನು ರಸ್ತೆಯ ಮೇಲೆ ಅಗಲವಾಗಿ ಚೆಲ್ಲುವಂಥವು. ಅಂಗಡಿಯವನು ಹೇಳಿದ, "ಮ್ಯಾಡಮ್, ಇವು ಹನ್ನೆರಡು ವೋಲ್ಟಿನ ಕಾರಿನ ಲೈಟು. ಲಾರಿಗೆ ಇಪ್ಪತ್ನಾಕು ಬೇಕಾಗ್ತಾವು." ನನಗೆ ನಗು ಬಂತು. ಲಾರಿಯಲ್ಲಿರುವುದು ಹನ್ನೆರಡು ವೋಲ್ಟಿನ ಎರಡು ಬ್ಯಾಟರಿ, ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದ್ದು. ನನಗೆ ಹನ್ನೆರಡೇ ಸಾಕಾದರೆ ಒಂದೇ ಬ್ಯಾಟರಿಯಿಂದ ತೆಗೆದುಕೊಂಡರಾಯಿತು. ಇಷ್ಟು ಅವನಿಗೆ ಹೊಳೆಯಲಿಲ್ಲವಲ್ಲ ಎಂದುಕೊಂಡು ಅವನ್ನೇ ತಂದೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟೆ. ವೈರಿಗೆ ಎಲ್ಲಿಯೂ ಉಜ್ಜಾಟ ಆಗದಂತೆ ಮೇಲೊಂದು ಕೊಳವೆ ಏರಿಸಿದೆ. ಸ್ವಿಚ್ಚನ್ನು ಸ್ಟೇರಿಂಗ್ ಪಕ್ಕದಲ್ಲಿ, ಅವನ ಕೈಗೆ ಎಟಕುವ ಕಡೆ ಕೂರಿಸಿದೆ. ತಮ್ಮ ಒತ್ತಿದಾಗ ಎದುರಿನ ಕಾಂಪೌಂಡಿನ ಮೇಲೆ ಬಿಸಿಲಿನಲ್ಲೂ ಹಳದಿ ಬೆಳಕು ಬಿತ್ತು. ಅವನು ಮೂರು ಸಲ ಹಚ್ಚಿ ಆರಿಸಿ ನೋಡಿದ.

ಮುಂದಿನ ಮೂರ್ನಾಲ್ಕು ವಾರ ಅವನ ಫೋನಿನ ತುಂಬ ಹೊಗಳಿಕೆ. ಒಂದು ಸಲ ಮಾತ್ರ, "ಮುಂಜಾನೆ ಸ್ಟಾರ್ಟರ್ ಸ್ವಲ್ಪ ಜಡಾ ಹೊಡ್ಯಾಕತ್ತೈತಿ ಅಕ್ಕಾ," ಎಂದ. "ಮಳಿ ಥಂಡಿಗೆ ಹಂಗ ಆಗ್ತೈತಿ," ಎಂದುಬಿಟ್ಟೆ. ಯೋಚಿಸಿ ಹೇಳಿದ ಉತ್ತರವಲ್ಲ ಅದು. ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ.

ಒಂದು ಬುಧವಾರ, ನಾನು ಕಾಲೇಜಿನ ಗೇಟು ದಾಟುವಾಗ ಫೋನು ಬಂತು. ದನಿ ಕಡಿದು ಕಡಿದು ಬರುತ್ತಿತ್ತು. "ಅಕ್ಕಾ, ಲೋಂಡಾದ ಹತ್ರ ಕಾಡಿನ್ಯಾಗ ನಿಂತೇನಿ. ಗಾಡಿ ಸ್ಟಾರ್ಟ್ ಆಗವಲ್ದು. ಒಂದು ಬ್ಯಾಟರಿ ಕುದ್ಯಾಕತ್ತೈತಿ, ನೀರು ಉಕ್ಕಿ ಹೊರಗ ಬಂದೈತಿ, ಕೆಟ್ಟ ವಾಸನಿ..." ಅಷ್ಟಕ್ಕೆ ನಿಂತಿತು. ತಿರುಗಿ ಮಾಡಿದರೆ ಹತ್ತುತ್ತಿಲ್ಲ. ಆ ಕಡೆ ನೆಟ್‌ವರ್ಕ್ ಇಲ್ಲದಿರುವುದು ಹೊಸದೇನಲ್ಲ, ಬ್ಯಾಟರಿ ಹಳೆಯದಾಗಿರಬೇಕು, ಎಂದು ನನಗೆ ನಾನೇ ಹೇಳಿಕೊಂಡು ಕ್ಲಾಸಿಗೆ ಹೋದೆ.

ಆ ದಿನದ ಪಾಠವೂ ಬ್ಯಾಟರಿಯದ್ದೇ. ಬೋರ್ಡಿನ ಮೇಲೆ ಎರಡು ಕೋಶಗಳನ್ನು ಒಂದರ ಪಕ್ಕ ಒಂದು ಬರೆದೆ. ಸರಣಿಯಲ್ಲಿ ಜೋಡಿಸಿದರೆ ಎರಡರಲ್ಲೂ ಹರಿಯುವ ವಿದ್ಯುತ್ತು ಒಂದೇ, ಎಂದು ಹೇಳಿದೆ. ಹೇಳಿದವಳು ಅಲ್ಲೇ ನಿಂತೆ. ಎಂಜಿನ್ ಓಡುವಾಗ ಎರಡೂ ಬ್ಯಾಟರಿಗೆ ಒಂದೇ ಅಳತೆಯ ಚಾರ್ಜು ಹೋಗುತ್ತದೆ. ನನ್ನ ದೀಪಗಳು ಮಾತ್ರ ಒಂದೇ ಬ್ಯಾಟರಿಯಿಂದ ಉಣ್ಣುತ್ತಿವೆ. ಅದು ದಿನದಿನಕ್ಕೆ ಬಡವಾಗುತ್ತದೆ. ತುಂಬಿಯೇ ಇರುವ ಇನ್ನೊಂದಕ್ಕೆ ಬೇಡವಾದರೂ ಚಾರ್ಜು ನುಗ್ಗುತ್ತದೆ. ಅದು ಕುದಿಯದೆ ಏನು ಮಾಡೀತು? ಕುದ್ದ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಒಂದು ಕಿಡಿ ಸಾಕು ಅದಕ್ಕೆ. ನನ್ನ ತಮ್ಮನಿಗೆ ಚಿಂತೆಯಾದಾಗ ಬೀಡಿ ಹಚ್ಚುವ ಅಭ್ಯಾಸ.

ಕೈಯಲ್ಲಿದ್ದ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟೆ. ಸಹೋದ್ಯೋಗಿಯೊಬ್ಬರಿಗೆ ಕ್ಲಾಸು ಒಪ್ಪಿಸಿ, ರಜೆ ಬರೆದುಕೊಟ್ಟು, ರಿಕ್ಷಾ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದು, ಖಾನಾಪುರದ ಬಸ್ಸು ಹತ್ತಿದೆ. ಅಲ್ಲಿಂದ ಲೋಂಡಾಕ್ಕೆ ಏನಾದರೂ ಸಿಗುತ್ತದೆ ಎಂಬ ಲೆಕ್ಕ. ದಾರಿಯುದ್ದಕ್ಕೂ ಮಳೆ. ಪೀರನವಾಡಿ ದಾಟುವುದರೊಳಗೆ ಹತ್ತು ಸಲ ಫೋನು ಮಾಡಿದ್ದೆ. ಪ್ರತಿ ಸಲವೂ ಅದೇ ರೆಕಾರ್ಡು ದನಿ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಬಾಜೂಕ್ಕೆ ಕೂತ ಹೆಂಗಸು ನಾನು ಮೇಲಿಂದ ಮೇಲೆ ಫೋನು ಒತ್ತುವುದನ್ನು ನೋಡಿ ಮರಾಠಿಯಲ್ಲಿ ಏನಾಯಿತೆಂದು ಕೇಳಿದಳು. "ತಮ್ಮನ ಗಾಡಿ ಕೆಟ್ಟಿದೆ," ಎಂದೆ. ನಾನೇ ಕೆಡಿಸಿದ್ದು ಎಂದು ಹೇಳಲು ಬಾಯಿ ಬರಲಿಲ್ಲ.

ಖಾನಾಪುರ ಇನ್ನು ಎರಡು ಮೈಲಿ ಇರುವಾಗ ಗೊತ್ತಿಲ್ಲದ ನಂಬರಿನಿಂದ ಫೋನು. ವಯಸ್ಸಾದ ಗಂಡಸಿನ ದನಿ.

"ಬಾಯಾರೇನ್ರಿ? ನಿಮ್ಮ ತಮ್ಮ ನನ್ನ ಗ್ಯಾರೇಜಿನ್ಯಾಗ ಅದಾನ, ಖಾನಾಪುರದಾಗ. ಅಂವನ ಫೋನ್ ಸತ್ತೈತಿ. ಅಕ್ಕಗ ಹೇಳ್ರಿ, ಅಕ್ಕಗ ಹೇಳ್ರಿ ಅಂತ ಜೀವಾ ತಿನ್ನಾಕತ್ತಾನ. ಏನೂ ಆಗಿಲ್ಲ, ಆರಾಮ ಅದಾನ."

ಸರಿ ಎಂದೆನೋ ಇಲ್ಲವೋ ನೆನಪಿಲ್ಲ. ಪಕ್ಕದ ಹೆಂಗಸು ತನ್ನ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟಳು. ಅರ್ಧ ಖಾಲಿ ಮಾಡಿದೆ.

ಗ್ಯಾರೇಜು ರಸ್ತೆಯ ಮೇಲೆಯೇ, ತಗಡಿನ ಚಪ್ಪರದ ಕೆಳಗೆ. ಲಾರಿ ಹೆಂಚು ಹೇರಿಕೊಂಡೇ ನಿಂತಿತ್ತು. ಅದರ ಪಕ್ಕ ಹಳೆಯ ಟೈರಿನ ಮೇಲೆ ನನ್ನ ತಮ್ಮ ಕೂತು ಬಟಾಟೆವಡೆ ತಿನ್ನುತ್ತಿದ್ದ. ಮುಖ, ಕೈ, ಕಣ್ಣು ಎಲ್ಲ ಸರಿಯಾಗಿದ್ದವು. ನಾನು ಒಂದೊಂದನ್ನೂ ನೋಡಿಕೊಂಡೆ.

"ಬೀಡಿ ಹಚ್ಚಿದ್ಯೇನು?" ಎಂಬುದೇ ನನ್ನ ಬಾಯಿಂದ ಬಂದ ಮೊದಲ ಮಾತು.

"ಇಲ್ಲಬೇ. ಆ ವಾಸನಿಗೆ ಬೀಡಿ ನೆನಪ ಆಗ್ಲಿಲ್ಲ. ದೀಪದ ವೈರ್ ತಗದು, ಬ್ಯಾಟರಿ ತಣ್ಣಗಾಗೂತನಕ ದೂರ ನಿಂತೆ. ಆಮ್ಯಾಲ ಇಳುಕಲಿನ್ಯಾಗ ಗಾಡಿ ಉಳ್ಳಿಸಿ ಗೇರ್ ಹಾಕಿ ಚಾಲೂ ಮಾಡ್ಕೊಂಡು ಬಂದೆ. ನೀ ಯಾಕ ಬರಾಕ ಹೋದಿ?"

ಅವನ ಪಕ್ಕದಲ್ಲೇ, ಟೈರಿನ ಮೇಲೆ ಕೂತೆ.

ನನಗೆ ಫೋನು ಮಾಡಿದ್ದ ಗ್ಯಾರೇಜಿನ ಮೇಸ್ತ್ರಿ ಬ್ಯಾಟರಿ ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಅರವತ್ತು ದಾಟಿದ ಮರಾಠಿ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ನಾನು ಬರುವ ಮೊದಲೇ ಬೈಗುಳ ಶುರುವಾಗಿತ್ತೆಂದು ಕಾಣುತ್ತದೆ, ಈಗ ಮುಂದುವರಿಯಿತು.

"ಒಂದಽ ಬ್ಯಾಟರಿಗೆ ಲೈಟ್ ಹಚ್ಚ್ಯಾನ! ಎಷ್ಟು ವರ್ಷ ಆತೋ ಗಾಡಿ ಹೊಡ್ಯಾಕ ಹತ್ತಿ? ಯಾರನ್ನರ ಕೇಳಬಾರದ?"

"ತಪ್ಪಾತ್ರಿ ಮಾಮಾ," ಎಂದ ತಮ್ಮ. "ನನಗ ತಿಳೀಲಿಲ್ಲ. ನಾನ ಮಾಡೇನಿ."

ನಾನು ಅವನನ್ನು ನೋಡಿದೆ. ಅವನು ಸುಮ್ಮನಿರು ಎಂಬಂತೆ ಹುಬ್ಬು ಹಾರಿಸಿದ. ನಾನು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಆದರೂ ಎದ್ದು ನಿಂತೆ.

"ಅಂವ ಅಲ್ಲರೀ. ನಾನ ಮಾಡಿದ್ದು. ಕಾಲೇಜಿನ್ಯಾಗ ಇದನ್ನ ಕಲಸತೇನಿ ನಾನು."

ಮೇಸ್ತ್ರಿ ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದ. ಬೈಯಲಿಲ್ಲ, ನಗಲೂ ಇಲ್ಲ. "ಇಲ್ಲಿ ಬರ್ರಿ," ಎಂದು ಕರೆದು ಮೀಟರು ನನ್ನ ಕೈಗೇ ಕೊಟ್ಟ. ಒಂದು ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಇನ್ನೊಂದರ ನೀರು ಬತ್ತಿ ಒಳಗಿನ ಫಲಕಗಳು ಕಾಣುತ್ತಿದ್ದವು. ಅವನು ನನ್ನ ವೈರಿನ ಗುಂಟ ಬೆರಳಾಡಿಸುತ್ತ ಬಂದು ಫ್ಯೂಸಿನ ಹತ್ತಿರ ನಿಂತ.

"ಇದು ನೀವ ಹಾಕಿದ್ರಿ?"

"ಹೌದು."

"ಇದನ್ನ ಭಾಳ ಮಂದಿ ಹಾಕೂದಿಲ್ಲ. ಜೋಡಣಿ ಸ್ವಚ್ಛ ಐತಿ, ಗಟ್ಟಿ ಐತಿ. ಕೆಲಸ ಬರೋಬರಿ ಮಾಡೀರಿ ಬಾಯಾರ, ಖರೇ. ಜಾಗಾ ತಪ್ಪಿ ಮಾಡೀರಿ."

ಇಷ್ಟು ವರ್ಷಗಳ ನೌಕರಿಯಲ್ಲಿ ನನ್ನ ತಪ್ಪನ್ನು ಅಷ್ಟು ಸರಿಯಾಗಿ ತೂಗಿ ಹೇಳಿದವರು ಬೇರೆ ಯಾರೂ ಇಲ್ಲ. ಕಣ್ಣು ತುಂಬಿ ಬಂದವು. ಮಳೆಯ ಎರಚಲಿಗೆ ಮುಖ ಒಡ್ಡಿ ನಿಂತೆ.

ಸತ್ತ ಬ್ಯಾಟರಿಯ ಬದಲಿಗೆ ಬೇರೊಂದು ಬಂತು. ಒಣಗಿದ್ದಕ್ಕೆ ಮೇಸ್ತ್ರಿ ಬ್ಯಾಟರಿ ನೀರು ತುಂಬಿ, ಚಾರ್ಜಿಗಿಟ್ಟು ನೋಡಿದ, ಅದು ಬದುಕಿಕೊಂಡಿತು. ಕಾರಿನ ದೀಪಗಳನ್ನು ಬಿಚ್ಚಿಸಿ, ಇಪ್ಪತ್ತನಾಲ್ಕು ವೋಲ್ಟಿನ ಒಂದು ಜೋಡಿ ತೆಗೆದಿಟ್ಟ. ನಾನೇ ಹಾಕುತ್ತೇನೆ ಎಂದೆ. ತಮ್ಮ ಬೇಡವೆನ್ನಬಹುದು ಎಂದುಕೊಂಡಿದ್ದೆ. ಅವನು ಎದ್ದು ಹೋಗಿ ಎಲ್ಲಿಂದಲೋ ಒಂದು ಗೋಣಿಚೀಲ ತಂದು ಬಂಪರಿನ ಕೆಳಗೆ ಹಾಸಿದ. ಈ ಸಲ ವೈರು ಎರಡೂ ಬ್ಯಾಟರಿ ದಾಟಿದ ಕೊನೆಯ ತುದಿಯಿಂದ ಹೊರಟಿತು. ದೀಪದ ಭಾರವೆಲ್ಲ ಸ್ವಿಚ್ಚಿನ ಮೇಲೆ ಬೀಳದಂತೆ ನಡುವೆ ಒಂದು ರಿಲೇ. ದೀಪದ ಮುಖವನ್ನು ಸ್ವಲ್ಪ ಕೆಳಕ್ಕೆ ಬಾಗಿಸಬೇಕು, ಎದುರಿನವನ ಕಣ್ಣಿಗೆ ಬಡಿಯಬಾರದು, ಎಂಬುದನ್ನೂ ಮೇಸ್ತ್ರಿಯೇ ಹೇಳಿಕೊಟ್ಟ. ಪ್ರತಿ ತಿರುಪಿಗೂ ನಾನು ಮೇಲೆ ನೋಡುತ್ತಿದ್ದೆ, ಅವನು ತಲೆ ಆಡಿಸುತ್ತಿದ್ದ. ಎಂಜಿನ್ ಚಾಲೂ ಮಾಡಿ, ದೀಪ ಹಚ್ಚಿ, ಎರಡೂ ಬ್ಯಾಟರಿಗೆ ಮೀಟರು ಹಿಡಿದೆ. ಎರಡೂ ಕಡೆ ಮುಳ್ಳು ಒಂದೇ ಜಾಗಕ್ಕೆ ಬಂದು ನಿಂತಿತು. ಮತ್ತೊಮ್ಮೆ ಹಿಡಿದೆ. ಮತ್ತೂ ಒಮ್ಮೆ.

"ಸಾಕ್ರಿ ಬಾಯಾರ," ಎಂದ ಮೇಸ್ತ್ರಿ. "ಬರೋಬರಿ ಐತಿ."

ಹೆಂಚು ಲೋಂಡಾಕ್ಕೆ ಮುಟ್ಟಬೇಕಿತ್ತು. ನಾನೂ ಕ್ಯಾಬಿನ್ ಹತ್ತಿದೆ. ಮರಳಿ ಬರಲು ಲೋಂಡಾದಿಂದ ರೈಲು ಇತ್ತು. ಊರು ಬಿಟ್ಟು ಕಾಡು ಶುರುವಾದ ಮೇಲೆ ಮಂಜು ಇಳಿಯಿತು. ತಮ್ಮ ಸ್ವಿಚ್ಚು ಒತ್ತಿದ. ರಸ್ತೆಯ ಅಂಚಿನ ಬಿಳಿ ಗೆರೆ, ಅದರ ಆಚೆಯ ಹುಲ್ಲು, ಕೊಡೆ ಹಿಡಿದು ಬರುತ್ತಿದ್ದ ಇಬ್ಬರು, ಎಲ್ಲ ಬಹಳ ಮುಂಚಿತವಾಗಿಯೇ ಕಂಡವು.

"ಸುಳ್ಳ ಯಾಕ ಹೇಳಿದಿ?" ಎಂದು ಕೇಳಿದೆ.

"ಅಂವ ನನಗ ಎಷ್ಟ ಬೈದ್ರೂ ನಾ ನಾಳಿಗೆ ಮರೀತೇನಿ. ನಿನಗ ಬೈದಿದ್ರ ನೀ ಮರೀತಿದ್ದಿಲ್ಲ." ತಿರುವಿಗೆ ಗೇರ್ ಇಳಿಸಿ ಸೇರಿಸಿದ, "ಆದ್ರ ಹೇಳಿದ್ದ ಚಲೋ ಆತು ಬಿಡು. ಇಲ್ಲಂದ್ರ ಲೈಟ್ ನಾ ಹಾಕಬೇಕಾಗ್ತಿತ್ತು. ನನಗೇನ್ ಬರ್ತೈತಿ?"

ನಕ್ಕೆ. ಎಂಜಿನ್ನಿನ ಬಿಸಿ ಕಾಲಿಗೆ ತಾಗುತ್ತಿತ್ತು. ಸೀಟಿಗೆ ಒರಗಿದ್ದಷ್ಟೇ ಗೊತ್ತು, ನಿದ್ದೆ ಹತ್ತಿಬಿಟ್ಟಿದೆ. ಎಚ್ಚರವಾದಾಗ ಲಾರಿ ಯಾವುದೋ ಮನೆಯಂಗಳದಲ್ಲಿ ನಿಂತಿತ್ತು. ನನ್ನ ಮೇಲೆ ತಮ್ಮನ ಟವೆಲ್ಲು ಹೊದಿಸಿತ್ತು. ಹಿಂದೆ ಆಳುಗಳು ಹೆಂಚು ಇಳಿಸುತ್ತಿದ್ದರು, ಒಂದರ ಮೇಲೊಂದು ಕೂರುವ ಟಣ್ ಟಣ್ ಸದ್ದು. ನಡುನಡುವೆ, "ಸಾವಕಾಶ, ನಮ್ಮಕ್ಕ ಮಲಗ್ಯಾಳ," ಎಂದು ಅವನು ಅವರಿಗೆ ಹೇಳುವುದು ಕೇಳಿಸುತ್ತಿತ್ತು. ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ಕಣ್ಣು ಮುಚ್ಚಿಕೊಂಡಿದ್ದೆ.